ಗೇಣು, ಮೊಳ, ಮೈಕು

ಧಾರವಾಡದಿಂದ ಬೆಳಗಾವಿಯತ್ತ ಹೆದ್ದಾರಿ ಹಿಡಿದರೆ ಬೇಲೂರು ಕೈಗಾರಿಕಾ ಪ್ರದೇಶ ಸಿಗುತ್ತದೆ. ಲಾರಿಗಳ ಓಡಾಟ, ಯಂತ್ರಗಳ ಸದ್ದು, ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ ಇಲ್ಲಿನ ಗಾಳಿಯಲ್ಲೇ ಸೇರಿಕೊಂಡಿವೆ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರ ಹುಟ್ಟೂರು ಇರುವುದೂ ಇದೇ ತಾಲ್ಲೂಕಿನಲ್ಲಿ. ಪಾಳಿ ಮುಗಿಸಿ ಬಂದು ಹಾರ್ಮೋನಿಯಂ ಪೇಟಿ ಮುಂದಿಟ್ಟುಕೊಂಡು ಹಾಡುವವರು ಈ ಸೀಮೆಯಲ್ಲಿ ಅಪರೂಪವಲ್ಲ. ಮನೆಯಲ್ಲೇ ಧ್ವನಿಮುದ್ರಣ ಮಾಡಬೇಕೆಂದವರು ಮೊದಲು ಕೇಳುವುದು, ಯಾವ ಮೈಕು ಕೊಳ್ಳಲಿ ಎಂದು. ಎಷ್ಟು ದೂರದಲ್ಲಿ ಇಡಲಿ ಎಂದು ಕೇಳುವವರು ಕಡಿಮೆ. ನಮ್ಮ ದೇಶದ ನೂರಿಪ್ಪತ್ತು ವರ್ಷಗಳ ಧ್ವನಿಮುದ್ರಣದ ಚರಿತ್ರೆಯನ್ನು ನೋಡಿದರೆ ಎರಡನೆಯ ಪ್ರಶ್ನೆಯೇ ದೊಡ್ಡದೆಂದು ನನಗೆ ತೋರುತ್ತದೆ.

1902ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಾಗ ಮೈಕೇ ಇರಲಿಲ್ಲ. ಇದ್ದದ್ದು ತಗಡಿನ ಕಹಳೆ. ಅದರ ಬಾಯಿಗೆ ಮುಖವೊಡ್ಡಿ ಜೋರಾಗಿ ಹಾಡಬೇಕಿತ್ತು. ಆ ಕಾಲದ ತಟ್ಟೆಗಳಲ್ಲಿ ಕಂಠ ಇದೆ, ತಂಬೂರಿ ಇಲ್ಲವೆನ್ನುವಷ್ಟು ಕ್ಷೀಣ. 1925ರಲ್ಲಿ ವಿದ್ಯುತ್ ಮುದ್ರಣ ಬಂದ ಮೇಲೆ ಹಾಡುವವರು ಕೂಗುವ ಅಗತ್ಯ ತಪ್ಪಿತು. ಮನಸೂರರೂ, ಆಗ 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಿನಲ್ಲಿ ಹಾಡಿದ ಗಂಗೂಬಾಯಿ ಹಾನಗಲ್ಲರೂ 1930ರ ದಶಕದಲ್ಲಿ ಎಚ್‌ಎಂವಿಗೆ ತಟ್ಟೆಗಳನ್ನು ಕೊಟ್ಟದ್ದು ಈ ಎರಡನೆಯ ಯುಗದಲ್ಲಿ. ಸುಮಾರು ಮೂರು ನಿಮಿಷದಲ್ಲಿ ರಾಗ ಮುಗಿಯಬೇಕಿತ್ತು. ಆದರೂ ಉಸಿರು, ಮೀಂಡು, ಸ್ವರದ ಅಂಚು ಕೇಳಿಸತೊಡಗಿದ್ದವು.

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ಹೊರಗಿನ ಸದ್ದು ಸುಳಿಯದ ಸ್ಟುಡಿಯೋ ಕೋಣೆ ಈ ಭಾಗದ ಕಲಾವಿದರಿಗೆ ಮನೆಯ ಹತ್ತಿರವೇ ದಕ್ಕಿತು. ತಾರಷಡ್ಜಕ್ಕೆ ಏರುವಾಗ ಮುಖವನ್ನು ತುಸು ಹಿಂದೆ ಸರಿಸುವುದು, ಖರ್ಜಕ್ಕೆ ಇಳಿಯುವಾಗ ಮುಂದೆ ಬಾಗುವುದು ಮೈಕಿನ ಮುಂದೆ ಕೂತು ಕೂತು ಬರುವ ವಿದ್ಯೆ. ಅದನ್ನು ನಾನು ರಿಯಾಜಿನ ಭಾಗವೆಂದೇ ಎಣಿಸುತ್ತೇನೆ.

ಮನೆಗೆ ಮೈಕು ಬಂದ ದಾರಿ ಬೇರೆ. ಬೆಲ್ ಲ್ಯಾಬ್ಸಿನಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ 1962ರಲ್ಲಿ ರೂಪಿಸಿದ ಎಲೆಕ್ಟ್ರೆಟ್ ಮೈಕು ಅಗ್ಗವೂ ಚಿಕ್ಕದೂ ಆಗಿ ಕ್ಯಾಸೆಟ್ ರೆಕಾರ್ಡರುಗಳೊಳಗೆ ಕೂತಿತು. ಬೈಠಕ್ಕುಗಳಲ್ಲಿ ರಸಿಕರು ತೊಡೆಯ ಪಕ್ಕ ಇಟ್ಟುಕೊಂಡು ತುಂಬಿದ ಕ್ಯಾಸೆಟ್ಟುಗಳಲ್ಲಿ ಕೆಮ್ಮು, ಫ್ಯಾನು, 'ವಾಹ್' ಎಲ್ಲವೂ ಇವೆ. ಆದರೆ ಕೇಳುಗ ಕೂತ ಜಾಗದಿಂದ ಹಾಡು ಹೇಗೆ ಕೇಳಿತೋ ಹಾಗೆಯೇ ಉಳಿದಿದೆ. ಇವತ್ತಿನ ಎಷ್ಟೋ ನುಣುಪಾದ ಮುದ್ರಣಗಳಿಗಿಂತ ಅವೇ ನನಗೆ ಹೆಚ್ಚು ಪ್ರಿಯ.

ಈಗ ಅಂಗಡಿಯಲ್ಲಿ ಮುಖ್ಯವಾಗಿ ಎರಡು ಜಾತಿ. 1966ರಿಂದ ಇರುವ ಶೂರ್ ಎಸ್‌ಎಂ58ರಂಥ ಡೈನಮಿಕ್ ಮೈಕು ಗಟ್ಟಿಮುಟ್ಟು. ಆದರೆ ಅದರ ಸಂಕೇತ ದುರ್ಬಲ, ಹತ್ತಿರದಿಂದಲೇ ಹಾಡಬೇಕು. 48 ವೋಲ್ಟ್ ಬೇಡುವ ಕಂಡೆನ್ಸರ್ ಸೂಕ್ಷ್ಮ. ತಂಬೂರಿಯ ಜವಾರಿಯನ್ನು ಎಳೆಎಳೆಯಾಗಿ ಹಿಡಿಯುತ್ತದೆ, ಜೊತೆಗೆ ಪಕ್ಕದ ಶೆಡ್ಡಿನ ಸದ್ದನ್ನೂ. ಡೈನಮಿಕ್ ಹೊರಗಿನ ಗದ್ದಲವನ್ನು ಕೇಳುವುದಿಲ್ಲ ಎಂಬ ಮಾತಿದೆ. ಅದರ ಬಹುಪಾಲು ಕೀರ್ತಿ ಸಲ್ಲಬೇಕಾದದ್ದು ದೂರಕ್ಕೆ: ಬಾಯಿ ಹತ್ತಿರವಿರುವುದರಿಂದ ಗದ್ದಲ ಹಿಂದೆ ಬೀಳುತ್ತದೆ. ಆದರೆ ನಾಲ್ಕು ಬೆರಳಿನಷ್ಟು ಹತ್ತಿರ ಬಂದರೆ ಎರಡು ಜಾತಿಯ ಏಕಮುಖಿ (ಎದುರಿನ ದನಿಯನ್ನೇ ಹೆಚ್ಚು ಹಿಡಿಯುವ) ಮೈಕುಗಳೂ ಮಂದ್ರವನ್ನು ಉಬ್ಬಿಸುತ್ತವೆ. ಖಯಾಲಿಗೆ ಆ ಉಬ್ಬು ಬೇಡ. ಒಂದು ಗೇಣಿನಿಂದ ಒಂದು ಮೊಳದ ನಡುವೆ ಹುಡುಕಿದರೆ ಕಂಠದ ಜಾಗ ಸಿಗುತ್ತದೆ.

ಬೇಲೂರಿನಂಥ ಕಡೆ ಕೂರುವ ದಿಕ್ಕಿಗೂ ಲೆಕ್ಕವಿದೆ. ಎಲ್ಲರೂ ಗದ್ದಲಕ್ಕೆ ಬೆನ್ನು ಹಾಕಿ ಕೂರುತ್ತಾರೆ. ಅದು ತಪ್ಪು. ಏಕಮುಖಿ ಮೈಕಿಗೆ ಕಿವುಡು ಇರುವುದು ಅದರ ಬೆನ್ನಿನ ಕಡೆ. ಹಾಗಾಗಿ ರಸ್ತೆಯ ಕಿಟಕಿಗೆ ಎದುರಾಗಿ ಕೂತು, ಮೈಕಿನ ಬೆನ್ನನ್ನು ಕಿಟಕಿಗೆ ತೋರಿಸಬೇಕು. ಆಗ ಮೈಕು ನೋಡುವುದು ಹಾಡುವವರನ್ನೂ ಅವರ ಹಿಂದಿನ ಗೋಡೆಯನ್ನೂ. ಆ ಗೋಡೆಗೆ ಅಜ್ಜಿ ಹೊಲಿದ ದಪ್ಪ ಕೌದಿ ಇಳಿಬಿಡಿ. ಫರ್ಸಿ ನೆಲದ ಮೇಲೆ ಇನ್ನೊಂದು ಕೌದಿ, ಇಲ್ಲವೇ ಜಮಖಾನೆ. ಕೋಣೆಯ ಡಣಡಣ ಅರ್ಧ ಇಳಿಯುತ್ತದೆ.

ತಗ್ಗಿನ ಸದ್ದಿಗೆ ಮಾತ್ರ ಕೌದಿ ಸಾಲದು. ಕೆಲವು ಮೈಕುಗಳ ಮೇಲೆ 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸುವ ಗುಂಡಿ ಇರುತ್ತದೆ, ಕಣ್ಣುಮುಚ್ಚಿ ಒತ್ತಬೇಡಿ. ಪೇಟಿಯ ಕಪ್ಪು ಒಂದರ ಶ್ರುತಿಯಲ್ಲಿ ಹಾಡುವ ಗಂಡುಕಂಠದ ಷಡ್ಜ ಸುಮಾರು 139 ಹರ್ಟ್ಸ್, ಮಂದ್ರ ಷಡ್ಜ 69. ಗುಂಡಿ ಒತ್ತಿದರೆ ಖರ್ಜದ ಬುಡವೇ ಸಡಿಲವಾಗುತ್ತದೆ, ಡಗ್ಗಾದ ಗುಮ್ಮೂ ಬಡವಾಗುತ್ತದೆ. ಟ್ರಾನ್ಸ್‌ಫಾರ್ಮರಿನ ಗುಂಯ್‌ ಎನ್ನುವ ಸದ್ದಿರುವುದು 100 ಹರ್ಟ್ಸಿನಲ್ಲಿ. ಅದು ಈ ಗುಂಡಿಗೆ ಜಗ್ಗುವುದೂ ಇಲ್ಲ. ಕೋಣೆ ಬದಲಿಸುವುದೇ ವಾಸಿ.

ತಬಲಾ ಡಗ್ಗಾಗೆ ಒಂದೇ ಮೈಕು ಸಾಕು: ಎರಡರ ನಡುವೆ, ಮುಂದೆ, ಒಂದು ಮೊಳ ಎತ್ತರದಲ್ಲಿ. ಕಂಠದ ಮೈಕು ಬಾಯಿಂದ ಒಂದು ಗೇಣಿದ್ದರೆ ತಬಲಾದ ಮೈಕು ಅದರಿಂದ ಮೂರು ಗೇಣಾದರೂ ಆಚೆ ಇರಲಿ. ಇಲ್ಲವಾದರೆ ಒಂದೇ ದನಿ ಎರಡು ಮೈಕಿಗೆ ಹೊತ್ತು ತಪ್ಪಿ ತಲುಪಿ ಟೊಳ್ಳಾಗುತ್ತದೆ. ಪೇಟಿಯ ಮೈಕನ್ನು ತಿದಿಯಿಂದ ದೂರ, ರೀಡುಗಳ ಮೇಲ್ಗಡೆ ಹಿಡಿಯಬೇಕು. ತಂಬೂರಿಗೆ ಬೇರೆ ಮೈಕು ಬೇಡ ಎನ್ನುತ್ತೇನೆ. ಹಾಡುವವರ ಮಗ್ಗುಲಲ್ಲೇ ಕೂರಿಸಿ, ಒಂದು ಸಲ ಮುದ್ರಿಸಿ ಕೇಳಿ, ಸಾಲದಿದ್ದರೆ ನಾಲ್ಕು ಬೆರಳು ಮುಂದೆ ಸರಿಸಿ, ಮತ್ತೆ ಕೇಳಿ.