ರೀಮಿಕ್ಸ್ ಮತ್ತು ಟ್ರಾನ್ಸ್‌ಮೀಡಿಯಾ ಕಥನ: ವಿಜಯಪುರ ಸೀಮೆಯ ನಿದರ್ಶನಗಳ ಮೇಲೊಂದು ಟಿಪ್ಪಣಿ

1. ಪ್ರಶ್ನೆ

ಹಳೆಯ ಪಠ್ಯವೊಂದು ಹಾಡಾಗಿ, ಆಟವಾಗಿ, ಸಿನೆಮಾ ಆಗಿ ಮತ್ತೆ ಬಂದರೆ ಅದಕ್ಕೆ ಒಬ್ಬರು ರೀಮಿಕ್ಸ್ ಎನ್ನುತ್ತಾರೆ, ಇನ್ನೊಬ್ಬರು ಟ್ರಾನ್ಸ್‌ಮೀಡಿಯಾ ಎನ್ನುತ್ತಾರೆ. ನಮ್ಮ ಜಾನಪದ ಮತ್ತು ಮಾಧ್ಯಮ ಅಧ್ಯಯನಗಳಲ್ಲಿ ಈ ಎರಡು ಮಾತು ಒಂದರ ಜಾಗದಲ್ಲಿ ಇನ್ನೊಂದು ಬಳಕೆಯಾಗುತ್ತಿವೆ. ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ಪರಿಸರದ ಕೆಲವು ನಿದರ್ಶನಗಳನ್ನು ಇಟ್ಟುಕೊಂಡು ಇವೆರಡರ ವ್ಯತ್ಯಾಸ ಎಲ್ಲಿದೆ ಎಂದು ನೋಡುವುದು ಈ ಟಿಪ್ಪಣಿಯ ಉದ್ದೇಶ. ರೀಮಿಕ್ಸ್ ಎಂಬುದು ಸಾಮಗ್ರಿಯನ್ನು ಹೇಗೆ ಬಳಸಲಾಗಿದೆ ಎಂಬ ಪ್ರಶ್ನೆಗೆ ಸೇರಿದ್ದು. ಟ್ರಾನ್ಸ್‌ಮೀಡಿಯಾ ಎಂಬುದು ಒಂದು ಕಥೆ ಎಲ್ಲೆಲ್ಲಿ ಹಂಚಿಕೆಯಾಗಿದೆ ಎಂಬ ಪ್ರಶ್ನೆಗೆ ಸೇರಿದ್ದು. ಆದ್ದರಿಂದ ಒಂದೇ ಕೃತಿ ಎರಡೂ ಆಗಿರಬಹುದು, ಎರಡೂ ಆಗದೆಯೂ ಇರಬಹುದು.

2. ಎರಡು ಪರಿಕಲ್ಪನೆಗಳು

ಹೆನ್ರಿ ಜೆಂಕಿನ್ಸ್ 2003ರ ಲೇಖನವೊಂದರಲ್ಲಿ, ಮತ್ತೆ 2006ರ 'ಕನ್ವರ್ಜೆನ್ಸ್ ಕಲ್ಚರ್' ಪುಸ್ತಕದಲ್ಲಿ ಟ್ರಾನ್ಸ್‌ಮೀಡಿಯಾ ಕಥನವನ್ನು ವಿವರಿಸಿದರು. ಒಂದು ಕಥಾಲೋಕ ಹಲವು ಮಾಧ್ಯಮಗಳಲ್ಲಿ ಹರಡಿಕೊಂಡಿರುತ್ತದೆ, ಪ್ರತಿಯೊಂದು ಮಾಧ್ಯಮವೂ ಬೇರೆಡೆ ಸಿಗದ ಏನನ್ನಾದರೂ ಅದಕ್ಕೆ ಸೇರಿಸುತ್ತದೆ. ಅವರು ಕೊಟ್ಟ ಮುಖ್ಯ ಉದಾಹರಣೆ 'ಮೇಟ್ರಿಕ್ಸ್'. 1999ರ ಸಿನೆಮಾದ ಲೋಕವನ್ನು 2003ರಲ್ಲಿ ಅನಿಮೇಷನ್ ಚಿತ್ರಗಳೂ ವಿಡಿಯೊ ಗೇಮೂ ಮುಂದುವರಿಸಿದವು. ಇತ್ತ ಲಾರೆನ್ಸ್ ಲೆಸ್ಸಿಗ್ 2008ರಲ್ಲಿ 'ರೀಮಿಕ್ಸ್' ಎಂಬ ಪುಸ್ತಕ ಬರೆದರು. ಅವರ ಗಮನವಿದ್ದದ್ದು ಇದ್ದ ಸಾಮಗ್ರಿಯನ್ನು ಕತ್ತರಿಸಿ, ಜೋಡಿಸಿ, ಹೊಸ ಅರ್ಥ ಹೊರಡಿಸುವ ಜನರ ಮೇಲೆ, ಅವರ ಹಕ್ಕಿನ ಮೇಲೆ.

ಇಲ್ಲಿಂದ ಎರಡು ಪರೀಕ್ಷೆಗಳನ್ನು ರೂಪಿಸಿಕೊಳ್ಳಬಹುದು. ಮೊದಲನೆಯದು, ಹೊಸ ಕೃತಿಯಲ್ಲಿ ಹಳೆಯ ತುಣುಕು ತುಣುಕಾಗಿಯೇ ಗುರುತು ಸಿಗುತ್ತದೆಯೇ? ಸಿಕ್ಕರೆ ಅದು ರೀಮಿಕ್ಸ್. ಎರಡನೆಯದು, ಒಂದು ಮಾಧ್ಯಮವನ್ನು ತೆಗೆದುಹಾಕಿದರೆ ಕಥೆಯ ಒಂದು ಭಾಗ ಕಾಣೆಯಾಗುತ್ತದೆಯೇ? ಕಾಣೆಯಾದರೆ ಅದು ಟ್ರಾನ್ಸ್‌ಮೀಡಿಯಾ.

3. ವಚನಗಳ ಜೋಡಣೆ

ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು ವಕೀಲಿಗಾಗಿ ವಿಜಯಪುರಕ್ಕೆ ಬಂದು ನೆಲೆಸಿದರು. ತಾಡೋಲೆ ಹುಡುಕಿ ವಚನಗಳನ್ನು ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. 'ವಚನಶಾಸ್ತ್ರ ಸಾರ'ದಲ್ಲಿ ಬೇರೆ ಬೇರೆ ಶರಣರ ವಚನಗಳು ವಿಷಯಕ್ಕನುಗುಣವಾಗಿ ಅಕ್ಕಪಕ್ಕ ಕೂತಿವೆ. ಹನ್ನೆರಡನೆಯ ಶತಮಾನದ ಮಾತುಗಳು ಇಪ್ಪತ್ತನೆಯ ಶತಮಾನದ ಓದುಗನ ಪ್ರಶ್ನೆಗಳಿಗೆ ಉತ್ತರ ಕೊಡುವ ಕ್ರಮದಲ್ಲಿ ಬಂದದ್ದು ಹೀಗೆ.

ಇಂಥ ಜೋಡಣೆ ಅದಕ್ಕೂ ಹಿಂದೆ, ಇನ್ನೂ ಧೈರ್ಯವಾಗಿ, 'ಶೂನ್ಯಸಂಪಾದನೆ'ಯಲ್ಲಿ ನಡೆದಿತ್ತು. ಶಿವಗಣಪ್ರಸಾದಿ ಮಹಾದೇವಯ್ಯ ಹದಿನೈದನೆಯ ಶತಮಾನದಲ್ಲಿ ಆರಂಭಿಸಿದ ಈ ಕೆಲಸವನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ ಮತ್ತೆ ಮತ್ತೆ ಪರಿಷ್ಕರಿಸಿದರು. ಬಿಡಿಬಿಡಿಯಾಗಿದ್ದ ವಚನಗಳು ಇಲ್ಲಿ ಪ್ರಶ್ನೋತ್ತರಗಳಾಗುತ್ತವೆ. ಅಲ್ಲಮನ ಒಂದು ವಚನ ಅಕ್ಕನ ಮುಂದೆ ಸವಾಲಾಗಿ ನಿಲ್ಲುತ್ತದೆ, ಅಕ್ಕನ ವಚನ ಅದಕ್ಕೆ ಉತ್ತರವಾಗುತ್ತದೆ. ಸಂಪಾದಕರು ಬರೆದದ್ದು ಹೆಚ್ಚಾಗಿ ನಡುವಿನ ಕೊಂಡಿಗಳನ್ನು. ಸಂದರ್ಭಕ್ಕೆ ಒಗ್ಗುವ ಕೆಲವು ವಚನಗಳು ಆಮೇಲೆ ಸೇರಿಕೊಂಡಿರಬಹುದು ಎಂಬ ಸಂಶಯವನ್ನೂ ವಿದ್ವಾಂಸರು ಎತ್ತಿದ್ದಾರೆ. ಸಿದ್ಧರಾಮನ ಇಷ್ಟಲಿಂಗ ದೀಕ್ಷೆಯ ವಿಷಯದಲ್ಲಿ ಈ ಪರಿಷ್ಕರಣಗಳ ನಿಲುವು ಒಂದೇ ಆಗಿಲ್ಲ. ಜೋಡಿಸುವ ಕ್ರಮ ಬದಲಾದಾಗ ವಾದವೂ ಬದಲಾಗುತ್ತದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಮೊದಲ ಪರೀಕ್ಷೆಯಲ್ಲಿ ಇದು ನಿಸ್ಸಂಶಯವಾಗಿ ರೀಮಿಕ್ಸ್. ತುಣುಕಿನ ಗುರುತನ್ನು ಕಾಪಾಡಿದ್ದು ಅಂಕಿತ. ಗುಹೇಶ್ವರ, ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳು ಉಳಿದಿರುವವರೆಗೆ ಯಾವ ಮಾತು ಯಾರದು ಎಂಬುದು ತಿಳಿಯುತ್ತದೆ, ಹೊಲಿಗೆ ಎಲ್ಲಿದೆ ಎಂಬುದೂ ಕಾಣುತ್ತದೆ. ಈ ಗುರುತಿನ ಬೆಲೆ ಎಷ್ಟು ಎಂಬುದು ನಮ್ಮ ಕಾಲದ ವಿವಾದವೊಂದರಲ್ಲಿ ಸ್ಪಷ್ಟವಾಯಿತು. ಮಾತೆ ಮಹಾದೇವಿಯವರು 'ಬಸವ ವಚನ ದೀಪ್ತಿ'ಯಲ್ಲಿ ಕೂಡಲಸಂಗಮದೇವ ಎಂಬುದರ ಬದಲು ಲಿಂಗದೇವ ಎಂಬ ಅಂಕಿತ ಬಳಸಿದರು. ರಾಜ್ಯ ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು, ಸುಪ್ರೀಂ ಕೋರ್ಟ್ 2017ರಲ್ಲಿ ಅದನ್ನು ಎತ್ತಿಹಿಡಿಯಿತು. ವಚನಗಳ ಕ್ರಮವನ್ನು ಎಷ್ಟು ಬದಲಿಸಿದರೂ ಒಪ್ಪಿಕೊಂಡ ಪರಂಪರೆ ಅಂಕಿತ ಬದಲಿಸಿದಾಗ ಸಿಡಿದೆದ್ದಿತು. ಕನ್ನಡದಲ್ಲಿ ರೀಮಿಕ್ಸಿನ ಗಡಿರೇಖೆ ಎಲ್ಲಿದೆ ಎಂದು ಕೇಳುವವರು ಗಮನಿಸಬೇಕಾದ ಘಟನೆ ಇದು.

ಎರಡನೆಯ ಪರೀಕ್ಷೆಯಲ್ಲಿ ಉತ್ತರ ಅಷ್ಟು ಸರಳವಾಗಿಲ್ಲ. 'ಶೂನ್ಯಸಂಪಾದನೆ'ಯನ್ನು ತೆಗೆದರೂ ವಚನಗಳು ಉಳಿಯುತ್ತವೆ. ಆದರೆ ಆ ಮಾತುಗಳು ಯಾವ ಭೇಟಿಯಲ್ಲಿ, ಯಾರೆದುರು, ಯಾವ ಪ್ರಶ್ನೆಗೆ ಹುಟ್ಟಿದವು ಎಂಬ ಕಥೆ ತೆಳುವಾಗುತ್ತದೆ. ಹರಿಹರನ ರಗಳೆ, ಚಾಮರಸನ 'ಪ್ರಭುಲಿಂಗಲೀಲೆ' ಇದೇ ಶರಣಲೋಕಕ್ಕೆ ಬೇರೆ ಬೇರೆ ಘಟನೆಗಳನ್ನು ಸೇರಿಸಿದ ಕೃತಿಗಳು. ಕೃತಿಯ ಮಟ್ಟದಲ್ಲಿ ರೀಮಿಕ್ಸ್ ಆದದ್ದು ಕಥಾಲೋಕದ ಮಟ್ಟದಲ್ಲಿ ವಿಸ್ತರಣೆಯೂ ಆಗಬಹುದು ಎಂಬುದನ್ನು ಇಲ್ಲಿ ಒಪ್ಪಬೇಕಾಗುತ್ತದೆ.

4. ಎರಡಕ್ಕೂ ಸೇರದ ನಿದರ್ಶನ

ವಿಜಯಪುರದ ಮಗ್ಗುಲಲ್ಲೇ ಇರುವ ತೊರವೆಯ ನರಸಿಂಹನ ಭಕ್ತ ಕುಮಾರ ವಾಲ್ಮೀಕಿ ಭಾಮಿನಿ ಷಟ್ಪದಿಯಲ್ಲಿ 'ತೊರವೆ ರಾಮಾಯಣ' ಬರೆದ. ಆ ಕಾವ್ಯ ಗಮಕಿಗಳ ಕಂಠದಲ್ಲಿ ಊರೂರು ತಿರುಗಿತು. ಕಾಸರಗೋಡಿನ ಕುಂಬಳೆ ಸೀಮೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣದ ಯಕ್ಷಗಾನ ಪ್ರಸಂಗಗಳಿಗೆ ಆಧಾರವೂ ಆಯಿತು. ಮಾಧ್ಯಮ ಬದಲಾಗಿದೆ, ನೆಲ ಬದಲಾಗಿದೆ, ಕಥೆ ಮಾತ್ರ ಅದೇ. ಯಕ್ಷಗಾನ ನೋಡಿದವನಿಗೆ ಕಥೆ ತಿಳಿಯಲು ಕಾವ್ಯ ಓದಲೇಬೇಕೆಂದಿಲ್ಲ. ಇದನ್ನು ರೂಪಾಂತರ ಎಂದು ಕರೆದರೆ ಸಾಕು. ಹಲವು ಮಾಧ್ಯಮ ಕಂಡಲ್ಲೆಲ್ಲ ಟ್ರಾನ್ಸ್‌ಮೀಡಿಯಾ ಎನ್ನುವ ಅವಸರಕ್ಕೆ ತೊರವೆಯ ನಿದರ್ಶನ ತಡೆ ಹಾಕುತ್ತದೆ.

ಇಂದಿನ ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ 1940ರಲ್ಲಿ ಹುಟ್ಟಿ, 2023ರ ಜನವರಿ 2ರಂದು ನಿಧನರಾದ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳನ್ನೂ ಹೀಗೇ ವಿಂಗಡಿಸಬೇಕು. ಪ್ರವಚನ ಪುಸ್ತಕವಾದದ್ದು, ಧ್ವನಿಮುದ್ರಿಕೆಯಾದದ್ದು ಮಾಧ್ಯಮಾಂತರ. ಅದರ ಅರ್ಧ ನಿಮಿಷವನ್ನು ಕತ್ತರಿಸಿ, ಹೊಲದ ಚಿತ್ರ ಹಾಕಿ, ಕೊಳಲಿನ ದನಿ ಬೆರೆಸಿ ವಾಟ್ಸ್‌ಆಪ್ ಸ್ಟೇಟಸ್ ಮಾಡಿದರೆ ರೀಮಿಕ್ಸ್. ಪ್ರವಚನಕ್ಕೆ ಅಂಕಿತವಿಲ್ಲ, ಗುರುತಾಗಿ ಉಳಿಯುವುದು ದನಿಯೊಂದೇ. ದನಿ ಬಿಟ್ಟು ಬರಿ ಅಕ್ಷರವಾಗಿ ಹರಿದಾಡುವ ಮಾತುಗಳ ಮೂಲ ಗುರುತಿಸುವುದು ಕಷ್ಟವಾಗುವುದು ಇದಕ್ಕೇ.

5. ಮೊಹರಂ: ಹಂಚಿಹೋದ ಕಥೆ

ಟ್ರಾನ್ಸ್‌ಮೀಡಿಯಾಕ್ಕೆ ಅತ್ಯಂತ ಸಮೀಪದ ನಿದರ್ಶನ ಈ ಸೀಮೆಯ ಹಳ್ಳಿಗಳ ಮೊಹರಂನಲ್ಲಿದೆ. ಕ್ರಿ.ಶ. 680ರ ಕರ್ಬಲಾ ಕಾಳಗದ ಕಥೆಯನ್ನು ಹಿಂದೂ ಮುಸ್ಲಿಮರು ಕೂಡಿಯೇ ಆಚರಿಸುತ್ತಾರೆ. ಆದರೆ ಕಥೆ ಪೂರ್ತಿಯಾಗಿ ಒಂದೇ ಕಡೆ ಸಿಗುವುದಿಲ್ಲ. ಕಾಳಗದ ವಿವರ, ಮನೆಯವರ ಅಳಲು ಮೊಹರಂನಲ್ಲಿ ಹಾಡುವ ರಿವಾಯತ ಪದಗಳಲ್ಲಿವೆ. ಹಸೇನ, ಹುಸೇನ, ಖಾಸೀಂ ಎಂಬ ಪಾತ್ರಗಳು ಪಂಜಾಗಳಾಗಿ, ಅಂದರೆ ದೇವರೆಂದು ಹೊರುವ ಹಸ್ತದಾಕಾರದ ಲಾಂಛನಗಳಾಗಿ, ಮನುಷ್ಯರ ಹೆಗಲೇರಿ ಒಬ್ಬರನ್ನೊಬ್ಬರು ಭೇಟಿಯಾಗುತ್ತವೆ. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರ ಮೈಯಲ್ಲಿ ಶೋಕಕ್ಕೊಂದು ಲಯ ಸಿಗುತ್ತದೆ. ಮರಳುಗಾಡಿನ ನೀರಡಿಕೆಯನ್ನು ಬೀದಿಯಲ್ಲಿ ಹಂಚುವ ಶರಬತ್ತು ನೆನಪಿಸುತ್ತದೆ. ಹರಕೆ ಹೊತ್ತು ಫಕೀರನಾದ ಹುಡುಗ ತಾನೇ ಕಥೆಯೊಳಗಿನ ಒಬ್ಬನಾಗುತ್ತಾನೆ. ಕೊನೆಯ ದಿನ ದೇವರು ಹೊಳೆಗೆ ಹೋಗುವುದು ಕಥೆಯ ಶವಯಾತ್ರೆ. ಪದ ಕೇಳದೆ ಪಂಜಾ ನೋಡಿದವನಿಗೆ ಯಾರು ಯಾರನ್ನು ಏಕೆ ಭೇಟಿಯಾದರು ಎಂಬುದು ತಿಳಿಯದು. ಪದವಷ್ಟೇ ಕೇಳಿದವನಿಗೆ ಆ ಭೇಟಿ ಕಣ್ಣಿಗೆ ಬೀಳದು.

ಜೆಂಕಿನ್ಸ್ ಹೇಳುವ ಪೂರ್ವಯೋಜನೆ ಇಲ್ಲಿ ಇಲ್ಲವಲ್ಲ ಎಂದು ಆಕ್ಷೇಪಿಸಬಹುದು. ಕಂಪನಿಯೊಂದು ಕುಳಿತು ಹಂಚಿದ ಕಥೆ ಇದಲ್ಲ, ನಿಜ. ಆದರೆ ಯಾವ ಭಾಗ ಯಾವಾಗ ಎಂಬ ನಿಯಮ ಇದೆ. ಚಂದ್ರ ಕಂಡ ಮೇಲೆ ಕುಣಿಗೆ ಗುದ್ದಲಿ ಬೀಳುವುದು, ಒಂಬತ್ತನೆಯ ದಿನದ ಖತಲ್ ರಾತ್ರಿ, ಹತ್ತನೆಯ ದಿನದ ದಫನ್ ಎಂಬ ಕ್ರಮವೇ ಭಾಗಗಳನ್ನು ಜೋಡಿಸುತ್ತದೆ. ಯೋಜಕನ ಕೆಲಸವನ್ನು ತಿಥಿ ಮಾಡುತ್ತದೆ. ಇದೇ ಮೊಹರಂನೊಳಗೆ ಲಾವಣಿಯ ಮಟ್ಟಿಗೋ ಸಿನೆಮಾ ಹಾಡಿನ ಧಾಟಿಗೋ ಕೂರಿಸಿದ ರಿವಾಯತ ಪದ ರೀಮಿಕ್ಸ್ ಆಗಿರುತ್ತದೆ. ಆ ಪದ ರೀಮಿಕ್ಸ್ ಆದ ಮಾತ್ರಕ್ಕೆ ಒಟ್ಟು ಆಚರಣೆಯ ಟ್ರಾನ್ಸ್‌ಮೀಡಿಯಾ ಗುಣ ಕಡಿಮೆಯಾಗುವುದಿಲ್ಲ.

6. ನಿರ್ಣಯ

ಈ ನಿದರ್ಶನಗಳಿಂದ ಎರಡು ಮಾತು ಹೇಳಬಹುದು. ರೀಮಿಕ್ಸಿನಲ್ಲಿ ಕೇಳಬೇಕಾದದ್ದು ತುಣುಕು ಯಾರದು, ಅದರ ಗುರುತು ಉಳಿದಿದೆಯೇ ಎಂದು. ಟ್ರಾನ್ಸ್‌ಮೀಡಿಯಾದಲ್ಲಿ ಕೇಳಬೇಕಾದದ್ದು ಕಥೆಯ ಉಳಿದ ಭಾಗ ಎಲ್ಲಿದೆ, ಅಲ್ಲಿಗೆ ಹೋಗುವ ದಾರಿಯನ್ನು ಯಾವುದು ತೋರಿಸುತ್ತದೆ ಎಂದು. ಈ ವ್ಯತ್ಯಾಸ ಕ್ಷೇತ್ರಕಾರ್ಯದ ಕ್ರಮವನ್ನೂ ಬದಲಿಸುತ್ತದೆ. ತಿಕೋಟಾ, ಬಬಲೇಶ್ವರದ ಹಳ್ಳಿಗಳಲ್ಲಿ ಮೊಹರಂ ಪದವೊಂದನ್ನು ಧ್ವನಿಮುದ್ರಿಸುವವರು ಅದರ ಧಾಟಿ ಎಲ್ಲಿಂದ ಬಂತು, ಕಟ್ಟಿದವರು ಯಾರು ಎಂದು ಬರೆದುಕೊಂಡರೆ ರೀಮಿಕ್ಸಿನ ಪ್ರಶ್ನೆಗೆ ಸಾಮಗ್ರಿ ಸಿಗುತ್ತದೆ. ಯಾವ ದಿನ, ಯಾವ ಪಂಜಾದ ಮುಂದೆ, ಯಾವ ಹೆಜ್ಜೆಯ ಜೊತೆ ಹಾಡಿದರು ಎಂಬುದನ್ನೂ ದಾಖಲಿಸಬೇಕು. ಅದಿಲ್ಲದಿದ್ದರೆ ಸಂಗ್ರಹದಲ್ಲಿ ಪದ ಉಳಿದರೂ ಅದು ಯಾವ ಕಥೆಯ ಯಾವ ಪಾಲು ಎಂಬುದನ್ನು ಮುಂದೆ ಯಾರೂ ಹೇಳಲಾರರು.