ಹಳೆಯ ಕಾರಿಗೂ ಒಂದು ಚರಿತ್ರೆಯಿದೆ

ಹೊಸ ಕಾರಿಗಿಂತ ಹಳೆಯ ಕಾರಿಗೆ ಹೆಚ್ಚು ಬೆಲೆ ತೆರಬೇಕಾಗಿದ್ದ ಕಾಲವೊಂದಿತ್ತು ಎಂದರೆ ನನ್ನ ಕಿರಿಯ ಬಂಧುಗಳು ನಂಬಲಾರರು. ಆದರೂ ಅದು ನಿಜ. ಸ್ವಾತಂತ್ರ್ಯಾನಂತರ ಹಲವು ದಶಕಗಳ ಕಾಲ ನಮ್ಮ ದೇಶದಲ್ಲಿ ಕಾರು ತಯಾರಿಸುವವರು ಬೆರಳೆಣಿಕೆಯಷ್ಟು ಮಂದಿ. ಕಲ್ಕತ್ತೆಯ ಸಮೀಪದ ಉತ್ತರಪಾರಾದ ಅಂಬಾಸಿಡರ್, ಮುಂಬಯಿಯ ಫಿಯೆಟ್ (ಮುಂದೆ ಅದೇ ಪ್ರೀಮಿಯರ್ ಪದ್ಮಿನಿ), ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ರಸ್ತೆಯಲ್ಲಿ ಕಾಣುತ್ತಿದ್ದುದು ಹೆಚ್ಚಾಗಿ ಇವೇ. ಎಷ್ಟು ಕಾರು ತಯಾರಾಗಬೇಕೆಂಬುದನ್ನು ಸರ್ಕಾರದ ಲೈಸೆನ್ಸು ನಿರ್ಧರಿಸುತ್ತಿತ್ತು. ಮುಂಗಡ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕಿತ್ತು. ಕಾಯಲಾರದವರು ಅಷ್ಟಿಷ್ಟು ಓಡಿದ ಗಾಡಿಯನ್ನೇ ಹೆಚ್ಚು ಹಣ ಕೊಟ್ಟು ಕೊಳ್ಳುತ್ತಿದ್ದರು. ಗಾಡಿ ಹೇಗಿದೆ ಎಂದು ಕೇಳುವುದಕ್ಕಿಂತ ಗಾಡಿ ಇದೆಯೇ ಎಂದು ಕೇಳುವುದೇ ಅಂದಿನ ರೂಢಿ.

1983ರ ಡಿಸೆಂಬರ್ 14ರಂದು ಮಾರುತಿ 800 ಬೀದಿಗಿಳಿಯಿತು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟು ತೊಲಗಿತು. ಹೊಸ ಕಾರುಗಳು ಹೇರಳವಾದವು; ಹಳೆಯವುಗಳ ಬೆಲೆ ಇಳಿಯಿತು. ಆದರೆ ಅದರೊಡನೆ ಇನ್ನೊಂದು ಸೌಕರ್ಯವೂ ಕಳೆದುಹೋಯಿತು. 1950ರ ದಶಕದ ಕೊನೆಯಿಂದ 2014ರವರೆಗೆ ಅಂಬಾಸಿಡರಿನ ಆಕಾರ ಹೆಚ್ಚು ಬದಲಾಗಲಿಲ್ಲವಾದ್ದರಿಂದ ಪ್ರತಿ ಊರಿನ ಮೆಕ್ಯಾನಿಕ್ಕನೂ ಅದರ ನಾಡಿ ಬಲ್ಲವನಾಗಿದ್ದ. ನೂರೆಂಟು ಮಾದರಿಗಳ ಇಂದಿನ ಸಂತೆಯಲ್ಲಿ, ಗಾಡಿಯ ಗುಟ್ಟು ಮಾರುವವನಿಗೆ ಮಾತ್ರ ಗೊತ್ತು.

ಈ ಗುಟ್ಟಿನ ಪರಿಣಾಮವನ್ನೇ ಜಾರ್ಜ್ ಅಕೆರ್‌ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1970ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು. ಕೆಟ್ಟ ಕಾರಿಗೆ ಆ ದೇಶದ ಆಡುಮಾತು ‘ಲೆಮನ್’, ಅಂದರೆ ನಿಂಬೆಹಣ್ಣು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದ ಗ್ರಾಹಕ ಸರಾಸರಿ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲೊಪ್ಪದೆ ಹಿಂದೆ ಸರಿಯುತ್ತಾನೆ. ಕೊನೆಗೆ ಸಂತೆಯಲ್ಲಿ ನಿಂಬೆಹಣ್ಣುಗಳೇ ಉಳಿಯುತ್ತವೆ! 2001ರಲ್ಲಿ ಅವರು ನೊಬೆಲ್ ಪುರಸ್ಕಾರವನ್ನು ಇಬ್ಬರೊಡನೆ ಹಂಚಿಕೊಂಡರು. ಅದೇ ವರ್ಷ ನಮ್ಮಲ್ಲಿ ಮಾರುತಿ ಸಂಸ್ಥೆ ‘ಟ್ರೂ ವ್ಯಾಲ್ಯೂ’ ಹೆಸರಿನಲ್ಲಿ ಹಳೆಯ ಕಾರುಗಳನ್ನು ಪರೀಕ್ಷಿಸಿ ಮಾರತೊಡಗಿದ್ದು ಕಾಕತಾಳೀಯ. ಪರೀಕ್ಷೆ ಮತ್ತು ಖಾತರಿ, ಈ ರೋಗಕ್ಕೆ ಔಷಧ ಇವೆರಡೇ.

ತರಗತಿಯಲ್ಲಿ ನಾನು ಶಾಸನಕ್ಕೂ ಐತಿಹ್ಯಕ್ಕೂ ಇರುವ ಅಂತರವನ್ನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕಾರು ಕೊಳ್ಳುವಾಗಲೂ ಅದೇ ವಿವೇಕ ಬೇಕು. “ಡಾಕ್ಟರೊಬ್ಬರು ಓಡಿಸಿದ ಗಾಡಿ ಸಾರ್” ಎಂಬುದು ಐತಿಹ್ಯ. ಚಾಸಿ ಮತ್ತು ಎಂಜಿನ್ನಿನ ಮೇಲೆ ಕೊರೆದ ಸಂಖ್ಯೆಗಳು ಶಾಸನ, ಅವು ಆರ್.ಸಿ.ಯೊಡನೆ ಅಕ್ಷರಶಃ ತಾಳೆಯಾಗಬೇಕು. ಟೈರಿನ ಮೇಲೆ 2319 ಎಂದಿದ್ದರೆ ಅದು 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಮೀಟರು ಇಪ್ಪತ್ತು ಸಾವಿರ ಕಿಲೋಮೀಟರು ತೋರಿಸುತ್ತಿದ್ದು ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ, ಎರಡರಲ್ಲೊಂದು ಸುಳ್ಳು ಹೇಳುತ್ತಿದೆ. ಸರ್ವಿಸ್ ದಾಖಲೆ ಕೇಳಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ: ಕೆಸರಿನ ಕಲೆಯಿದ್ದರೆ ಆ ಗಾಡಿ ನೀರಿನಲ್ಲಿ ಮುಳುಗಿ ಎದ್ದದ್ದಿರಬಹುದು. 2015ರ ಚೆನ್ನೈ, 2022ರ ಬೆಂಗಳೂರು ನೆರೆಗಳಲ್ಲಿ ಮುಳುಗಿದ ಕಾರುಗಳನ್ನು ಮರೆಯಬೇಡಿ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ನಿಮಗೆ ಪರಿಚಯದ ಮೆಕ್ಯಾನಿಕ್ಕನನ್ನೇ ಕರೆದೊಯ್ಯಿರಿ, ಮಾರುವವನ ಕಡೆಯವನನ್ನಲ್ಲ.

ಇನ್ನು ಕಾಗದಪತ್ರ. ಬ್ಯಾಂಕಿನ ಸಾಲ ತೀರಿದ್ದರೂ ಆರ್.ಸಿ.ಯಲ್ಲಿ ಅದರ ನಮೂದು ಉಳಿದಿರಬಹುದು; ಅದನ್ನು ತೆಗೆಸದೆ ಪೂರ್ತಿ ಹಣ ಕೊಡಬೇಡಿ. ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಇದು ಬರಿಯ ಶಿಷ್ಟಾಚಾರವಲ್ಲ. 2007ರಲ್ಲಿ ಮಾರಿದೆನೆಂದು ಮಾಲೀಕರು ಹೇಳಿದ ಕಾರೊಂದು ಕೈಯಿಂದ ಕೈಗೆ ದಾಟಿ 2009ರಲ್ಲಿ ಅಪಘಾತಕ್ಕೀಡಾಗಿ ಸಾವು ಸಂಭವಿಸಿತು. ದಾಖಲೆಯಲ್ಲಿ ಮಾತ್ರ ಮೊದಲಿನವರ ಹೆಸರೇ ಇತ್ತು. ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆದ್ದರಿಂದ ಈ ಮಾತು ಕೊಳ್ಳುವವರಿಗೆಷ್ಟೋ, ಹಳೆಯ ಗಾಡಿ ಮಾರಿ ನಿಶ್ಚಿಂತರಾಗಿರುವ ನನ್ನ ವಯಸ್ಸಿನವರಿಗೂ ಅಷ್ಟೇ.

ಹೊಳಪು ಎರಡು ದಿನದ ಪಾಲಿಶಿನಿಂದ ಬರುತ್ತದೆ, ದಾಖಲೆ ಹಾಗೆ ಬರುವುದಿಲ್ಲ. ಗಾಡಿಯ ಬಣ್ಣಕ್ಕೆ ಮರುಳಾಗುವ ಮುನ್ನ ಅದರ ಚರಿತ್ರೆಯನ್ನೊಮ್ಮೆ ಓದಿ. ನಿಮ್ಮ ಪ್ರಯಾಣಗಳು ಸುಖಕರವಾಗಿರಲಿ.