ಕಣ್ಣಿನ ಮೇಲೆ ನೂರು ವರ್ಷದ ಅಪವಾದ

ಈಚೆಗೆ ಗೆಳೆಯನೊಬ್ಬ ನನ್ನ ಉದ್ದದ ಬರಹವೊಂದನ್ನು ಓದಲು ಕೂತ. ಎರಡನೇ ಪ್ಯಾರಾದಲ್ಲೇ ನಿಲ್ಲಿಸಿ, "ಸಾಲು ತಪ್ಪಿ ಹೋಗತ್ತೆ ಮಾರಾಯ, ಓದಿದ್ದನ್ನೇ ಮತ್ತೆ ಓದ್ತಾ ಇದೀನಿ" ಅಂದ. ಅವನಿಗೆ ಡಿಸ್ಲೆಕ್ಸಿಯಾ ಇದೆ. "ಕಣ್ಣು ತೋರಿಸಿದ್ಯಾ?" ಅಂತ ಕೇಳಿಬಿಟ್ಟೆ. ನನ್ನ ಈ ಪೆದ್ದು ಪ್ರಶ್ನೆಗೆ ನೂರು ವರ್ಷದ ಇತಿಹಾಸ ಇದೆ ಅಂತ ಆಮೇಲೆ ಗೊತ್ತಾಯ್ತು!

ಓದುವಾಗ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುವುದಿಲ್ಲ. ಕುಪ್ಪಳಿಸುತ್ತದೆ, ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮತ್ತೆ ಕುಪ್ಪಳಿಸುತ್ತದೆ. ಪ್ಯಾರಿಸ್‌ನ ಕಣ್ಣಿನ ವೈದ್ಯ ಎಮಿಲ್ ಜಾವಾಲ್‌ನ ಪ್ರಯೋಗಶಾಲೆಯಲ್ಲಿ 1879ರ ಹೊತ್ತಿಗೇ ಇದನ್ನು ಗುರುತಿಸಿದ್ದರು.

1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್, ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದ. ಹುಡುಗ ಚುರುಕು, ಲೆಕ್ಕ ಬರುತ್ತಿತ್ತು, ದೃಷ್ಟಿಯೂ ಚೆನ್ನಾಗಿತ್ತು. ಆದರೆ ತನ್ನ ಹೆಸರನ್ನೇ 'ಪ್ರೆಸಿ' ಅಂತ ಬರೆಯುತ್ತಿದ್ದ. ತೊಂದರೆ ಇರುವುದು ಮೆದುಳಿನಲ್ಲಿ ಅಂತ ಮಾರ್ಗನ್‌ಗೆ ಅನಿಸಿತ್ತು. ಆದರೂ ಇಟ್ಟ ಹೆಸರು ಮಾತ್ರ 'ಹುಟ್ಟು ಪದಕುರುಡು'!

ಕಣ್ಣಿನ ಮೇಲಿನ ಅನುಮಾನ ಅಷ್ಟಕ್ಕೇ ಹೋಗಲಿಲ್ಲ. 1981ರಲ್ಲಿ ಜಾರ್ಜ್ ಪಾವ್ಲಿಡಿಸ್ ಎಂಬ ಸಂಶೋಧಕ, ಬರೀ ದೀಪಗಳನ್ನು ಹಿಂಬಾಲಿಸುವಾಗಲೂ ಇಂಥ ಮಕ್ಕಳ ಕಣ್ಣು ತಡವರಿಸುತ್ತದೆ ಅಂದ. ಬೇರೆಯವರು ಅದೇ ಪ್ರಯೋಗ ಮಾಡಿದರೆ ಹಾಗೇನೂ ಕಾಣಲಿಲ್ಲ. ಕೀತ್ ರೇನರ್ ಮುಂತಾದವರು ತೋರಿಸಿದ್ದು ಇದನ್ನು: ಡಿಸ್ಲೆಕ್ಸಿಯಾ ಇದ್ದವರ ಕಣ್ಣು ಹೆಚ್ಚು ಹೊತ್ತು ನಿಲ್ಲುತ್ತದೆ, ಚಿಕ್ಕ ಹೆಜ್ಜೆ ಇಡುತ್ತದೆ, ಪದೇ ಪದೇ ಹಿಂದಕ್ಕೆ ಹೋಗುತ್ತದೆ, ನಿಜ. ಆದರೆ ಕಷ್ಟದ ಪುಸ್ತಕ ಕೊಟ್ಟರೆ ನಮ್ಮ ನಿಮ್ಮ ಕಣ್ಣೂ ಹಾಗೇ ಮಾಡುತ್ತದೆ! ಅಂದರೆ ಆ ತಡವರಿಕೆ ಓದಿನ ಕಷ್ಟದ ಫಲ, ಅದರ ಕಾರಣ ಅಲ್ಲ.

ಹಾಗಿದ್ದರೆ ತಿದ್ದಬೇಕಾದ್ದು ಕಣ್ಣನ್ನಲ್ಲ, ಪುಟವನ್ನು. 2008ರಲ್ಲಿ ಬಂದ ವೆಬ್ ಪುಟಗಳ ಮಾರ್ಗಸೂಚಿಯ ಎರಡನೇ ಆವೃತ್ತಿ, ಅತ್ಯುನ್ನತ ಹಂತದಲ್ಲಿ ಇದನ್ನೇ ಕೇಳಿತು: ಸಾಲಿಗೆ 80 ಅಕ್ಷರ ಮೀರದಿರಲಿ, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಇರಲಿ, ಎರಡೂ ಅಂಚು ಸಮ ಮಾಡಬೇಡಿ. ಅಂಚು ಸಮ ಮಾಡಲು ಪದಗಳನ್ನು ಎಳೆದಾಗ ನಡುವೆ ಬಿಳಿ ಓಣಿಗಳು ಬಿದ್ದು ಕಣ್ಣು ಅದರೊಳಗೆ ಜಾರುತ್ತದೆ. ಒತ್ತಕ್ಷರಗಳು ಕೆಳಗಿಳಿಯುವ ನಮ್ಮ ಕನ್ನಡಕ್ಕಂತೂ ಸಾಲಿನ ನಡುವೆ ಜಾಗ ಬೇಕೇ ಬೇಕು.

ನನ್ನ ಪುಟ ನೋಡಿಕೊಂಡೆ. ಎರಡೂ ಅಂಚು ಸಮ, ಸಾಲುಗಳು ಒತ್ತೊತ್ತು... ಚೆಂದ ಕಾಣಲಿ ಅಂತ ನಾನೇ ಮಾಡಿದ್ದು! ನಿನ್ನೆ ಎಲ್ಲ ಬದಲಿಸಿ ಗೆಳೆಯನಿಗೆ ತೋರಿಸಿದೆ. ನಿಧಾನವಾಗಿಯೇ ಓದಿದ. ಆದರೆ ಕೊನೇತನಕ ಓದಿದ.

ನಿಮ್ಮ ಪುಟವನ್ನೂ ಒಮ್ಮೆ ನೋಡ್ತೀರಲ್ಲ?